ರೋಮಾಪುರ 3:28, ಯಾಕೋಬ 2:24: ಯುವಜನರ ಬೈಬಲ್ ಅಧ್ಯಯನಕ್ಕೆ ಯಾವ ಕ್ರಮದಲ್ಲಿ ಓದಿಸಬೇಕು?

ಸಾಸಿವೆಕಾಳು

ಎಲ್ಲರಿಗೂ ವಂದನೆಗಳು. ಯುವಜನರ ಗುಂಪಿಗೆ ನಾಲ್ಕು ವಾರದ ಬೈಬಲ್ ಅಧ್ಯಯನ ಸಿದ್ಧಪಡಿಸಬೇಕಿದೆ, ವಾರಕ್ಕೆ ಒಂದೂವರೆ ಗಂಟೆ. ವಿಷಯ ನಂಬಿಕೆ ಮತ್ತು ಕ್ರಿಯೆ. ಗುಂಪಿನಲ್ಲಿ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ, ಪ್ರೊಟೆಸ್ಟಂಟ್), ಕಥೋಲಿಕ, ಪೆಂತೆಕೋಸ್ತ್ ಮೂರೂ ಕಡೆಯವರಿದ್ದಾರೆ. ಧರ್ಮಶಾಸ್ತ್ರದ ಕ್ರಿಯೆಗಳಿಲ್ಲದೆ ನಂಬಿಕೆಯಿಂದ ನೀತಿವಂತರಾಗುತ್ತೇವೆ ಎಂದು ಒಬ್ಬರು ಅಪೊಸ್ತಲ ಪೌಲನ ಪತ್ರಿಕೆಯನ್ನು ಓದಿದರೆ, ಬರೀ ನಂಬಿಕೆಯಿಂದಲ್ಲ, ಕ್ರಿಯೆಗಳಿಂದ ಎಂದು ಇನ್ನೊಬ್ಬರು ಯಾಕೋಬನ ಪತ್ರಿಕೆಯನ್ನು ಓದುತ್ತಾರೆ. ಇಬ್ಬರೂ ಸಾಕ್ಷಿಗೆ ಕರೆಯುವುದು ಅಬ್ರಹಾಮನನ್ನೇ. ಮಾತು ಅಲ್ಲೇ ಗಂಟು ಬೀಳುತ್ತದೆ. ಯಾವ ಕ್ರಮದಲ್ಲಿ ಓದಿಸಿದರೆ ಒಳ್ಳೆಯದು? ‘ಎರಡೂ ಒಂದೇ’ ಎಂದು ತೇಲಿಸಿಬಿಡುವ ಉತ್ತರ ಬೇಡ. ಅದು ಯಾರಿಗೂ ಸಮಾಧಾನ ಕೊಡುವುದಿಲ್ಲ.

ಬೆರೋಯದ ಓದುಗ

ಮೊದಲ ವಾರ ಪೌಲ, ಯಾಕೋಬರ ಪತ್ರಿಕೆಗಳನ್ನು ತೆರೆಯಲೇಬೇಡಿ. ಆದಿಕಾಂಡ ಮಾತ್ರ ಓದಿಸಿ. ಪೌಲ ಮತ್ತು ಯಾಕೋಬ ಇಬ್ಬರೂ ಉಲ್ಲೇಖಿಸುವುದು ಒಂದೇ ವಾಕ್ಯ, ಆದಿಕಾಂಡ 15:6. ಆದರೆ ಅವರು ಅಬ್ರಹಾಮನ ಬದುಕಿನ ಬೇರೆ ಬೇರೆ ಘಟ್ಟದಲ್ಲಿ ನಿಂತು ಅದನ್ನು ಓದುತ್ತಾರೆ. ಹಲಗೆಯ ಮೇಲೆ ಒಂದು ಗೆರೆ ಎಳೆದು ವಯಸ್ಸು ಬರೆಯಿರಿ:

75 – ಖಾರಾನಿನಿಂದ ಹೊರಟದ್ದು (12:4)
75ರಿಂದ 86ರ ನಡುವೆ – ನಕ್ಷತ್ರಗಳ ವಾಗ್ದಾನ, ನಂಬಿದ್ದು, ಅದು ನೀತಿಯೆಂದು ಎಣಿಕೆಯಾದದ್ದು (15:6)
86 – ಇಷ್ಮಾಯೇಲನ ಜನನ (16:16)
99 – ಸುನ್ನತಿ (17:24)
100 – ಇಸಾಕನ ಜನನ (21:5)
ಇಸಾಕ ಕಟ್ಟಿಗೆ ಹೊರುವಷ್ಟು ದೊಡ್ಡವನಾದ ಮೇಲೆ – ಅವನನ್ನು ಬಲಿಕೊಡಲು ಅಬ್ರಹಾಮ ಹತ್ತಿದ ಮೊರೀಯ ಬೆಟ್ಟ (22)

ಪೌಲನ ವಾದ ನಿಂತಿರುವುದು 15 ಮತ್ತು 17ನೇ ಅಧ್ಯಾಯಗಳ ನಡುವಿನ ಅಂತರದ ಮೇಲೆ. ಎಣಿಕೆಯಾದಾಗ ಅಬ್ರಹಾಮನಿಗೆ ಸುನ್ನತಿ ಆಗಿತ್ತೋ ಇಲ್ಲವೋ ಎಂದು ರೋಮಾ 4:10ರಲ್ಲಿ ನೇರವಾಗಿ ಕೇಳುತ್ತಾನೆ. ಕಡಿಮೆಯೆಂದರೂ 13 ವರ್ಷಗಳ ಅಂತರವಿದೆ. ಯಾಕೋಬ ನೋಡುವುದು 15 ಮತ್ತು 22ರ ನಡುವಿನ ದೂರವನ್ನು. ಅಂದು ಆಡಿದ ಮಾತು ಇಂದು ಬೆಟ್ಟದ ಮೇಲೆ ‘ನೆರವೇರಿತು’ ಎನ್ನುತ್ತಾನೆ (2:23). ಈ ಗೆರೆ ಕಣ್ಣೆದುರು ಇದ್ದರೆ ಅರ್ಧ ಜಗಳ ಮುಗಿದಂತೆ. ಉಳಿದರ್ಧ ನಿಜವಾದ ಪ್ರಶ್ನೆ, ಅದಕ್ಕೆ ಮೂರು ವಾರ ಬೇಕು.

ಎಡವುವುದು ಎಲ್ಲಿ ಎಂದರೆ ಕಂಠಪಾಠದ ವಚನಗಳಿಂದ ಶುರುಮಾಡಿದಾಗ. ರಕ್ಷಣೆ ಕೃಪೆಯಿಂದ, ಕ್ರಿಯೆಗಳಿಂದಲ್ಲ ಎನ್ನುವ ಎಫೆಸ 2:8-9 ಎಲ್ಲರಿಗೂ ಬಾಯಿಪಾಠ. ಅದೇ ಉಸಿರಿನಲ್ಲಿ ಬರುವ 10ನೇ ವಚನ, ನಾವು ಸತ್ಕ್ರಿಯೆಗಳಿಗಾಗಿಯೇ ಕ್ರಿಸ್ತನಲ್ಲಿ ಸೃಷ್ಟಿಯಾದವರು ಎಂಬುದು, ಎಷ್ಟು ಜನರ ಬಾಯಿಗೆ ಬರುತ್ತದೆ ಕೇಳಿ ನೋಡಿ.

ಅತ್ತಿಮರ

ಬೆರೋಯದ ಓದುಗರ ಗೆರೆಗೆ ಇನ್ನೊಂದು ಚುಕ್ಕೆ ಸೇರಿಸಿ. 15:6ನ್ನು ಮೊರೀಯ ಬೆಟ್ಟಕ್ಕೆ ಜೋಡಿಸಿದ್ದು ಯಾಕೋಬನೇ ಮೊದಲಲ್ಲ. 1 ಮಕ್ಕಬಿಯರು 2:52ರಲ್ಲಿ ಮತ್ತತೀಯ ಸಾಯುವ ಮುಂಚೆ ಮಕ್ಕಳಿಗೆ ಹೇಳುವ ಮಾತು ಅದೇ: ಶೋಧನೆಯಲ್ಲಿ ಅಬ್ರಹಾಮ ನಂಬಿಗಸ್ತನಾಗಿ ಕಂಡುಬಂದ, ಅದು ಅವನಿಗೆ ನೀತಿಯೆಂದು ಎಣಿಕೆಯಾಯಿತು. ಆ ಕಾಲದ ಯೆಹೂದ್ಯರಿಗೆ ಪರಿಚಿತವಾಗಿದ್ದ ಓದು ಇದು. ಹೊಸದಾಗಿ ಕೇಳಿಸಿದ್ದು ಪೌಲ ಸುನ್ನತಿಗೂ ಮೊದಲಿನ ಗಳಿಗೆಯನ್ನು ಎತ್ತಿ ತೋರಿಸಿದ್ದು. ಕಥೋಲಿಕ ಬೈಬಲಿನಲ್ಲಿ ಮಕ್ಕಬಿಯರ ಗ್ರಂಥ ಇದೆ, ಪ್ರೊಟೆಸ್ಟಂಟ್ ಬೈಬಲಿನಲ್ಲಿಲ್ಲ. ಆದ್ದರಿಂದ ಆ ವಚನವನ್ನು ಚೀಟಿಯಲ್ಲಿ ಬರೆದು ಹಂಚಿ. ಇಲ್ಲದಿದ್ದರೆ ‘ನಮ್ಮ ಬೈಬಲಿನಲ್ಲಿಲ್ಲ’ ಎಂಬ ಮಾತಿನಲ್ಲೇ ಹದಿನೈದು ನಿಮಿಷ ಹೋಗುತ್ತದೆ.

ಎರಡನೇ ವಾರಕ್ಕೆ ಗಲಾತ್ಯ 2:11-21 ಇಡಿ, ರೋಮಾ ಆಮೇಲೆ. ಗಲಾತ್ಯದಲ್ಲಿ ವಾದ ಹುಟ್ಟಿದ್ದು ಊಟದ ಮೇಜಿನಲ್ಲಿ. ಅಂತಿಯೋಕ್ಯ ಪಟ್ಟಣದಲ್ಲಿ ಕೇಫ (ಅಂದರೆ ಪೇತ್ರ) ಅನ್ಯಜನರ ಜೊತೆ ಕುಳಿತು ಉಣ್ಣುತ್ತಿದ್ದವನು ಹಿಂದೆ ಸರಿದ, ಬಾರ್ನಬನೂ ಅವನ ಹಿಂದೆ ಹೋದ. ‘ಧರ್ಮಶಾಸ್ತ್ರದ ಕ್ರಿಯೆಗಳು’ ಎಂದು ಪೌಲ ಹೇಳುವಾಗ ಮೊದಲು ಕಣ್ಣ ಮುಂದಿರುವುದು ಸುನ್ನತಿ, ಊಟದ ನಿಯಮ, ದಿನ ಮತ್ತು ಹಬ್ಬಗಳ ಆಚರಣೆ (4:10, 5:2-3). ಮೃತಸಮುದ್ರದ ಬಳಿಯ ಕುಮ್ರಾನಿನ 4ನೇ ಗುಹೆಯಲ್ಲಿ ಸಿಕ್ಕ, 1994ರಲ್ಲಿ ಪೂರ್ಣವಾಗಿ ಪ್ರಕಟವಾದ ಒಂದು ಪತ್ರದಲ್ಲಿ ‘ಧರ್ಮಶಾಸ್ತ್ರದ ಕೆಲವು ಕ್ರಿಯೆಗಳು’ ಎಂಬ ಇದೇ ಪ್ರಯೋಗ ಇದೆ. ಅಲ್ಲಿ ಚರ್ಚೆಯಾಗುವುದು ಶುದ್ಧಾಚಾರ ಮತ್ತು ಬಲಿಯ ನಿಯಮಗಳು. ಹೀಗೆ ನಡೆದರೆ ಅದು ನಿಮಗೆ ನೀತಿಯೆಂದು ಎಣಿಕೆಯಾಗುವುದು ಎಂಬ ಮಾತೂ ಅದರ ಕೊನೆಯಲ್ಲಿದೆ. ಪೌಲನ ಕಾಲದಲ್ಲಿ ಈ ಮಾತಿಗೆ ಎಂಥ ತೂಕ ಇತ್ತೆಂಬುದು ಇದರಿಂದ ತಿಳಿಯುತ್ತದೆ.

ಕಾವಲುಗೋಪುರ

ಅತ್ತಿಮರ ಬ್ರದರ್, ಅಷ್ಟಕ್ಕೇ ನಿಲ್ಲಿಸಿದರೆ ಪೌಲನನ್ನು ತೀರಾ ಸಣ್ಣದು ಮಾಡಿದಂತಾಗುತ್ತದೆ. ರೋಮಾ 4:4-5ರಲ್ಲಿ ಅವನು ಸುನ್ನತಿಯ ಮಾತು ಬಿಟ್ಟು ಕೂಲಿಯ ಮಾತಾಡುತ್ತಾನೆ. ಕೆಲಸ ಮಾಡಿದವನಿಗೆ ಕೂಲಿ ಸಲ್ಲಬೇಕಾದ ಸಾಲ, ದಾನವಲ್ಲ. ಅದರ ಬೆನ್ನಿಗೇ 4:6-8ರಲ್ಲಿ ದಾವೀದನನ್ನು ಕರೆತಂದು 32ನೇ ಕೀರ್ತನೆ ಹೇಳಿಸುತ್ತಾನೆ. ದಾವೀದನಿಗೆ ಸುನ್ನತಿ ಆಗಿತ್ತು, ಊಟದ ನಿಯಮದ ಕೊರತೆಯೂ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಪಾಪಕ್ಷಮೆ. ತೀತ 3:5, ಎಫೆಸ 2:9 ಕೂಡ ‘ಕ್ರಿಯೆ’ ಎಂದಷ್ಟೇ ಹೇಳುತ್ತವೆ. ಯಾವ ಕ್ರಿಯೆಯನ್ನೂ ದೇವರ ಮುಂದೆ ಬಿಲ್ಲಿನಂತೆ ಇಡಲಾಗದು ಎಂಬುದು ಪೌಲನ ಪೂರ್ಣ ವಾದ, ಅಂತಿಯೋಕ್ಯದ ಮೇಜು ಅದರ ಒಂದು ಪ್ರಸಂಗ. ಎರಡನೇ ವಾರಕ್ಕೆ ಗಲಾತ್ಯ 2 ಮತ್ತು ರೋಮಾ 3:19–4:12 ಎರಡೂ ಬೇಕು, ಇದೇ ಕ್ರಮದಲ್ಲಿ.

ಅತ್ತಿಮರ

ದಾವೀದನ ಮಾತು ಸರಿ, ಒಪ್ಪುತ್ತೇನೆ. ಎರಡನ್ನೂ ಓದಿಸಲಿ.

ಮೀನುಬಲೆ

ಮೂರನೇ ವಾರ ಯಾಕೋಬ. 2:14ರಿಂದ ಓದಲು ಶುರುಮಾಡುವುದೇ ಎಲ್ಲರೂ ಮಾಡುವ ತಪ್ಪು. 1:19ರಿಂದ 2:26ರವರೆಗೆ ನಿಲ್ಲಿಸದೆ ಗಟ್ಟಿಯಾಗಿ ಓದಿಸಿ. 35 ವಚನ, ಐದಾರು ನಿಮಿಷ ಸಾಕು. ಆಮೇಲೆ ಯಾಕೋಬ ಹೇಳುವ ‘ಕ್ರಿಯೆ’ಗಳನ್ನು ಇಡೀ ಪತ್ರಿಕೆಯಿಂದ ಹೆಕ್ಕಿ ಹಲಗೆಗೆ ಬರೆಸಿ: ಅನಾಥರನ್ನೂ ವಿಧವೆಯರನ್ನೂ ವಿಚಾರಿಸುವುದು (1:27), ಚಿನ್ನದ ಉಂಗುರದವನಿಗೆ ಕುರ್ಚಿ ಕೊಟ್ಟು ಕೊಳೆಬಟ್ಟೆಯವನನ್ನು ಕಾಲಡಿಯಲ್ಲಿ ಕೂರಿಸದಿರುವುದು (2:2-4), ಬಟ್ಟೆಯಿಲ್ಲದ, ಹೊತ್ತಿನ ಊಟವಿಲ್ಲದ ಸಹೋದರ ಸಹೋದರಿಗೆ ಬೇಕಾದದ್ದನ್ನು ಕೊಡುವುದು (2:15-16), ನಾಲಿಗೆ ಹಿಡಿಯುವುದು (3ನೇ ಅಧ್ಯಾಯ), ಹೊಲ ಕೊಯ್ದವರ ಕೂಲಿ ಹಿಡಿಯದಿರುವುದು (5:4). ಪಟ್ಟಿ ಮುಗಿದ ಮೇಲೆ ಕೇಳಿ, ಇದರಲ್ಲಿ ಸುನ್ನತಿ ಎಲ್ಲಿದೆ? ಊಟದ ನಿಯಮ ಎಲ್ಲಿದೆ? ಸಬ್ಬತ್ (ವಿಶ್ರಾಂತಿ ದಿನ) ಎಲ್ಲಿದೆ? ಐದು ಅಧ್ಯಾಯಗಳಲ್ಲಿ ಒಂದು ಸಲವೂ ಬರುವುದಿಲ್ಲ. ಪೌಲ ಬೇಡವೆಂದ ಕ್ರಿಯೆಗಳನ್ನು ಯಾಕೋಬ ಬೇಕೆಂದು ಕೇಳುತ್ತಿಲ್ಲ.

‘ನಂಬಿಕೆ’ಯನ್ನೂ ಹಾಗೆಯೇ ನೋಡಬೇಕು. 2:19ರಲ್ಲಿ ಯಾಕೋಬ ಉದಾಹರಿಸುವ ನಂಬಿಕೆ ದೇವರು ಒಬ್ಬನೇ ಎಂದು ಒಪ್ಪುವುದು, ಧರ್ಮೋಪದೇಶಕಾಂಡ 6:4ರ ಅರಿಕೆ. ಅದು ದೆವ್ವಗಳಿಗೂ ಗೊತ್ತು, ಅವು ನಡುಗುತ್ತವೆ. ಪೌಲನ ಪತ್ರಿಕೆಗಳಲ್ಲಿ ಅಷ್ಟಕ್ಕೆ ನಂಬಿಕೆ ಎಂಬ ಹೆಸರಿಲ್ಲ. ಅವನ ನಂಬಿಕೆ ಪ್ರೀತಿಯ ಮೂಲಕ ಕೆಲಸ ಮಾಡುವಂಥದ್ದು (ಗಲಾತ್ಯ 5:6).

ನಮ್ಮ ಪೆಂತೆಕೋಸ್ತ್ ಕೂಟಗಳಲ್ಲಿ ಇಲ್ಲೊಂದು ಎಚ್ಚರ ಬೇಕು, ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಯಾಕೋಬನನ್ನು ಓದಿ ಕ್ರಿಯೆಯ ಪಟ್ಟಿ ಮಾಡುವಾಗ ಅದು ಉಡುಪು, ಒಡವೆ, ಉಪವಾಸದ ದಿನ, ಕೂಟದ ಹಾಜರಿ ಎಂದಾಗಿಬಿಡುತ್ತದೆ. ಆ ಪಟ್ಟಿಯಲ್ಲಿ ಬಡವನೂ ಇರುವುದಿಲ್ಲ, ಕೂಲಿಯವನೂ ಇರುವುದಿಲ್ಲ. ಗಲಾತ್ಯದಲ್ಲಿ ಪೌಲ ಕಿತ್ತುಹಾಕಿದ್ದನ್ನು ಯಾಕೋಬನ ಹೆಸರಲ್ಲಿ ಮತ್ತೆ ನೆಟ್ಟಂತಾಗುತ್ತದೆ.

ಸಾಸಿವೆಕಾಳು

ತುಂಬಾ ಉಪಕಾರವಾಯಿತು. ಒಂದು ಸಂದೇಹ. ಪೌಲನ ಮಾತನ್ನು ತಿದ್ದಲೆಂದೇ ಯಾಕೋಬ ಬರೆದ ಎನ್ನುವವರಿದ್ದಾರೆ. ಯುವಕರು ಕೇಳಿದರೆ ಏನು ಹೇಳಲಿ?

ಅತ್ತಿಮರ

ಗಲಾತ್ಯ ಬರೆದ ಕಾಲವನ್ನು ಸುಮಾರು ಕ್ರಿ.ಶ. 48ರಿಂದ 55ರೊಳಗೆ, ರೋಮಾ ಪತ್ರಿಕೆಯನ್ನು 57ರ ಸುಮಾರಿಗೆ ಇಡುತ್ತಾರೆ. ಈ ಪತ್ರಿಕೆ ಯಾರ ಹೆಸರಿನಲ್ಲಿದೆಯೋ ಆ ಯಾಕೋಬ, ಕರ್ತನ ಸಹೋದರ, ಸತ್ತದ್ದು 62ರಲ್ಲಿ ಎಂಬುದು ಯೆಹೂದ್ಯ ಇತಿಹಾಸಕಾರ ಜೋಸೆಫಸನ ಬರಹದಿಂದ ತಿಳಿಯುತ್ತದೆ. ಆದರೆ ಯಾಕೋಬನ ಪತ್ರಿಕೆಯನ್ನು 40ರ ದಶಕಕ್ಕೆ ಹಾಕುವವರೂ ಇದ್ದಾರೆ, ಒಂದನೇ ಶತಮಾನದ ಕೊನೆಗೆ ಹಾಕುವವರೂ ಇದ್ದಾರೆ. ಆ ನೆಲದ ಮೇಲೆ ಪಾಠ ಕಟ್ಟಬೇಡಿ. ಖಚಿತವಾಗಿ ಹೇಳಬಹುದಾದದ್ದು ಒಂದಿದೆ. ಪೌಲನ ಬೋಧನೆಯನ್ನು ತಿರುಚುವವರು ಅವನು ಬದುಕಿದ್ದಾಗಲೇ ಇದ್ದರು. ‘ಒಳ್ಳೆಯದಾಗಲೆಂದು ಕೆಟ್ಟದ್ದು ಮಾಡೋಣ’ ಎಂದು ತಾನು ಹೇಳುವುದಾಗಿ ದೂರುತ್ತಾರೆ ಎಂದು ಅವನೇ ರೋಮಾ 3:8ರಲ್ಲಿ ಬರೆದಿದ್ದಾನೆ, 6:1ರಲ್ಲಿ ಅದಕ್ಕೆ ಉತ್ತರವನ್ನೂ ಕೊಟ್ಟಿದ್ದಾನೆ. ಯಾಕೋಬ ಎದುರಿಸುವುದು ಅಂಥದೊಂದು ಸೋಮಾರಿ ಘೋಷಣೆಯನ್ನು.

ಇದಕ್ಕಿಂತ ಗಟ್ಟಿಯಾದದ್ದು ಗಲಾತ್ಯ 2:9-10. ಯಾಕೋಬ, ಕೇಫ, ಯೋಹಾನ ಮೂವರೂ ಪೌಲನಿಗೆ ಬಲಗೈ ಕೊಟ್ಟರು. ಸುನ್ನತಿ ಕೇಳಲಿಲ್ಲ. ಕೇಳಿದ್ದು ಒಂದೇ, ಬಡವರನ್ನು ನೆನಪಿಟ್ಟುಕೊಳ್ಳಿ ಎಂದು. ಅದನ್ನು ಮಾಡಲು ನಾನೂ ಆಸಕ್ತನಾಗಿದ್ದೆ ಎನ್ನುತ್ತಾನೆ ಪೌಲ. ಅದು ಬಾಯಿಮಾತಲ್ಲ. ವಾರದ ಮೊದಲ ದಿನ ಪ್ರತಿಯೊಬ್ಬರೂ ಸಂಪಾದನೆಗೆ ತಕ್ಕಂತೆ ಹಣ ತೆಗೆದಿಡಬೇಕು ಎಂದು ಕೊರಿಂಥದವರಿಗೆ ವಿಧಾನವನ್ನೇ ಹೇಳಿಕೊಟ್ಟ (1 ಕೊರಿಂಥ 16:1-2), ಎರಡನೇ ಪತ್ರಿಕೆಯ 8 ಮತ್ತು 9ನೇ ಅಧ್ಯಾಯಗಳನ್ನು ಪೂರ್ತಿ ಅದಕ್ಕೇ ಮೀಸಲಿಟ್ಟ, ಕೊನೆಗೆ ಆ ಹಣವನ್ನು ಯೆರೂಸಲೇಮಿನ ಬಡವರಿಗೆ ತಲುಪಿಸಲು ತಾನೇ ಹೊರಟ (ರೋಮಾ 15:25-27). ಯಾಕೋಬ 2:15-16ರ ಹಸಿದ ಸಹೋದರನಿಗಾಗಿ ಜೋಳಿಗೆ ಹಿಡಿದವನು ಪೌಲನೇ. ಇಬ್ಬರ ನಡುವೆ ಕೈ ಕುಲುಕಿದ ಒಪ್ಪಂದವೇ ಇರುವಾಗ ಅವರನ್ನು ಬದ್ಧವೈರಿಗಳನ್ನಾಗಿ ಓದಲು ದೊಡ್ಡ ಆಧಾರ ಬೇಕು.

ಕಾವಲುಗೋಪುರ

ಇಲ್ಲಿ ಒಂದು ಮಾತು ಸೇರಿಸಬೇಕು. ನಾವು ‘ಕ್ರಿಯೆ’ ಮತ್ತು ‘ವಿಧೇಯತೆ’ ಎರಡನ್ನೂ ಒಂದೇ ಎಂದುಕೊಂಡು ವಾದಿಸುತ್ತೇವೆ. ಬೈಬಲ್ ಅವೆರಡನ್ನು ಬೇರ್ಪಡಿಸಿ ತೋರಿಸುವ ಕಡೆಗಳಿವೆ.

ಅರಣ್ಯಕಾಂಡ 13 ಮತ್ತು 14 ಓದಿ. ಕಾನಾನಿಗೆ ಹತ್ತಿಹೋಗಿ ಎಂದು ಅಪ್ಪಣೆಯಾದಾಗ ಜನ ಹೆದರಿ ನಿಂತರು. ಹೋಗೋಣ ಎಂದ ಗೂಢಚಾರರು ಕಾಲೇಬ, ಯೆಹೋಶುವ ಇಬ್ಬರೇ. ನಲವತ್ತು ವರ್ಷದ ತೀರ್ಪು ಬಂತು. ಮರುದಿನ ಬೆಳಗ್ಗೆ ಅದೇ ಜನ ಎದ್ದು, ನಾವು ಪಾಪ ಮಾಡಿದೆವು, ಈಗ ಹೋಗುತ್ತೇವೆ ಎಂದು ಬೆಟ್ಟ ಹತ್ತಿದರು. ಈಗ ಹೋಗಬೇಡಿ, ಕರ್ತನು ನಿಮ್ಮ ಜೊತೆಗಿಲ್ಲ ಎಂದು ಮೋಶೆ ತಡೆದರೂ ಕೇಳಲಿಲ್ಲ. ಅಮಾಲೇಕ್ಯರೂ ಕಾನಾನ್ಯರೂ ಹೊರ್ಮಾದ ತನಕ ಬಡಿದು ಅಟ್ಟಿದರು (14:40-45). ಕ್ರಿಯೆ ಅದೇ, ಬೆಟ್ಟವೂ ಅದೇ. ಹಿಂದಿನ ದಿನ ಹತ್ತಿದ್ದರೆ ಅದು ನಂಬಿಕೆ, ಮರುದಿನ ಹತ್ತಿದ್ದು ದಂಗೆ. ನಡುವೆ ಬದಲಾದದ್ದು ದೇವರ ಮಾತು.

ಅರಸ ಸೌಲನದೂ ಇದೇ ಕಥೆ. ಅಮಾಲೇಕ್ಯರದ್ದೆಲ್ಲವನ್ನೂ ನಾಶಮಾಡು ಎಂದು ಅವನಿಗೆ ಅಪ್ಪಣೆಯಾಗಿತ್ತು. 1 ಸಮುವೇಲ 15ರಲ್ಲಿ ಅವನು ಉಳಿಸಿಕೊಂಡ ಒಳ್ಳೊಳ್ಳೆ ಕುರಿದನಗಳು ಯಜ್ಞಕ್ಕೆ ಎನ್ನುತ್ತಾನೆ. ಯಜ್ಞ ಪಕ್ಕಾ ಧಾರ್ಮಿಕ ಕ್ರಿಯೆ. ಆದರೂ ಸಮುವೇಲ ಅದನ್ನು ಅವಿಧೇಯತೆ ಎಂದೇ ಕರೆದ.

ಇಬ್ರಿಯ 3:18-19 ಈ ಅರಣ್ಯಕಾಂಡದ ಘಟನೆಯನ್ನೇ ಎತ್ತಿಕೊಂಡು, ಅವಿಧೇಯರಾದವರು ಪ್ರವೇಶಿಸಲಿಲ್ಲ ಎಂದು ಒಂದು ವಚನದಲ್ಲೂ, ಅಪನಂಬಿಕೆಯಿಂದ ಪ್ರವೇಶಿಸಲಾಗಲಿಲ್ಲ ಎಂದು ಮುಂದಿನ ವಚನದಲ್ಲೂ ಹೇಳುತ್ತದೆ. ಎರಡೂ ಒಂದೇ ಪಾಪದ ಹೆಸರು. ಯೋಹಾನ 3:36 ಕೂಡ ಮಗನನ್ನು ನಂಬುವವನ ಎದುರಿಗೆ ನಿಲ್ಲಿಸುವುದು ಮಗನಿಗೆ ವಿಧೇಯನಾಗದವನನ್ನು. ರೋಮಾ ಪತ್ರಿಕೆಯ ಬಾಗಿಲಲ್ಲೂ (1:5) ಕೊನೆಯಲ್ಲೂ (16:26) ಪೌಲ ತನ್ನ ಸೇವೆಯ ಗುರಿ ನಂಬಿಕೆಯಿಂದಾಗುವ ವಿಧೇಯತೆ ಎಂದೇ ಬರೆಯುತ್ತಾನೆ. ವಿಧೇಯತೆ ಎಂದರೆ ವಾಗ್ದಾನ ಕೊಟ್ಟವನ ಮಾತನ್ನು ಹಿಡಿದು ನಡೆಯುವುದು. ಆ ಮಾತಿನಿಂದ ಕಳಚಿ ಲೆಕ್ಕಕ್ಕೆ ಇಟ್ಟ ಕ್ರಿಯೆಯನ್ನೇ ಪೌಲ ತಳ್ಳಿಹಾಕುತ್ತಾನೆ. ಮಾತನ್ನು ಒಪ್ಪಿಯೂ ಕದಲದೆ ಕುಳಿತವನನ್ನು ಯಾಕೋಬ ಎಬ್ಬಿಸುತ್ತಾನೆ. ನಾಲ್ಕು ವಾರದಲ್ಲಿ ಒಂದೇ ಒಂದು ಹಳೆಯ ಒಡಂಬಡಿಕೆಯ ಭಾಗ ಸೇರಿಸಲು ಜಾಗವಿದ್ದರೆ ಅರಣ್ಯಕಾಂಡ 14 ಸೇರಿಸಿ.

ದ್ರಾಕ್ಷಿತೋಟ

ಕಥೋಲಿಕ ಕಡೆಯಿಂದ ಎರಡು ಮಾತು. ನಮ್ಮವರು ಪುಣ್ಯಕ್ರಿಯೆಗಳಿಂದ ರಕ್ಷಣೆ ಗಳಿಸುತ್ತಾರೆ ಎಂಬ ಮಾತು ಇಂಥ ಗುಂಪುಗಳಲ್ಲಿ ತಪ್ಪದೆ ಬರುತ್ತದೆ. ಅದು ನಮ್ಮ ಬೋಧನೆ ಅಲ್ಲ. ಕಥೋಲಿಕ ಧರ್ಮಾಧ್ಯಕ್ಷರ ತ್ರೆಂತ್ ಮಹಾಸಭೆ ಈ ವಿಷಯದಲ್ಲಿ 13 ಜನವರಿ 1547ರಂದು ಹೊರಡಿಸಿದ ತೀರ್ಮಾನದಲ್ಲಿ 16 ಅಧ್ಯಾಯ, 33 ವಿಧಿಗಳಿವೆ. ಕ್ರಿಸ್ತನ ಮೂಲಕ ಬರುವ ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದ ನೀತಿವಂತನಾಗಬಹುದು ಎನ್ನುವವನನ್ನು ಖಂಡಿಸುವುದೇ ಅದರ ಮೊದಲ ವಿಧಿ. ವಿಶ್ವಾಸವೇ ರಕ್ಷಣೆಯ ಆರಂಭ, ಅಡಿಪಾಯ, ಬೇರು ಎಂದು 8ನೇ ಅಧ್ಯಾಯ ಹೇಳುತ್ತದೆ. ನಿಜವಾದ ಭಿನ್ನಾಭಿಪ್ರಾಯ ಇರುವುದು 10ನೇ ಅಧ್ಯಾಯದಲ್ಲಿ. ದೇವರು ಕೊಟ್ಟ ನೀತಿ ಸತ್ಕ್ರಿಯೆಗಳ ಮೂಲಕ ಬೆಳೆಯುತ್ತದೆ ಎಂದು ಹೇಳಿ ಅಲ್ಲಿಯೇ ಯಕೋಬ 2:24ನ್ನು ಉಲ್ಲೇಖಿಸುತ್ತದೆ. ಕ್ರಿಯೆಗಳು ಬರೀ ಫಲ, ಬೆಳವಣಿಗೆಗೆ ಕಾರಣವಲ್ಲ ಎನ್ನುವುದನ್ನು 24ನೇ ವಿಧಿ ಒಪ್ಪುವುದಿಲ್ಲ. ಯುವಕರಿಗೆ ಈ ಬಿಂದುವನ್ನು ಸರಿಯಾಗಿ ತೋರಿಸಿ, ಇಲ್ಲದ ಜಾಗದಲ್ಲಿ ಜಗಳವಾಡದಂತೆ ನೋಡಿಕೊಳ್ಳಿ.

31 ಅಕ್ಟೋಬರ್ 1999ರಂದು ಆಗ್ಸ್‌ಬರ್ಗಿನಲ್ಲಿ ಕಥೋಲಿಕ ಧರ್ಮಸಭೆಯೂ ಲುಥೆರನ್ ವಿಶ್ವ ಒಕ್ಕೂಟವೂ ನೀತಿವಂತರಾಗುವುದು ಹೇಗೆ ಎಂಬುದರ ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಿದವು. 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಸೇರಿಕೊಂಡವು. ಅದರ 37ರಿಂದ 39ನೇ ಪರಿಚ್ಛೇದ ಸತ್ಕ್ರಿಯೆಗಳ ಬಗ್ಗೆ ಇದೆ. ಇಬ್ಬರೂ ಸೇರಿ ಹೇಳುವುದು ಮೊದಲು, ಆಮೇಲೆ ಕಥೋಲಿಕರ ವಿವರಣೆ, ಆಮೇಲೆ ಲುಥೆರನ್ನರದು. ಮೂರೇ ಪರಿಚ್ಛೇದ, ನಾಲ್ಕನೇ ವಾರದ ಕೊನೆಯಲ್ಲಿ ಓದಿಸಲು ಹೇಳಿ ಮಾಡಿಸಿದಂತಿದೆ.

ಕಾವಲುಗೋಪುರ

ದ್ರಾಕ್ಷಿತೋಟ ಅವರೇ, ವಂದನೆಗಳು. ಎಲ್ಲ ಲುಥೆರನ್ ಸಭೆಗಳೂ ಆ ಘೋಷಣೆಯನ್ನು ಒಪ್ಪಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಪ್ರೊಟೆಸ್ಟಂಟ್ ಕಡೆಯ ಬಗ್ಗೆ ಇರುವ ತಪ್ಪು ಕಲ್ಪನೆಗೂ ಉತ್ತರ ಬೇಕು. ಲೂಥರ್ 1522ರ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ ಯಾಕೋಬನ ಪತ್ರಿಕೆಯನ್ನು ಹುಲ್ಲಿನ ಪತ್ರಿಕೆ ಎಂದದ್ದು ಎಲ್ಲರಿಗೂ ಗೊತ್ತು. ಅದನ್ನು ಬೈಬಲಿನಿಂದ ತೆಗೆಯಲಿಲ್ಲ, ಇಬ್ರಿಯ, ಯೂದ, ಪ್ರಕಟನೆಗಳ ಜೊತೆ ಕೊನೆಗೆ ಇಟ್ಟ. ಮುಂದಿನ ಆವೃತ್ತಿಗಳಲ್ಲಿ ಆ ಮಾತನ್ನೂ ಕೈಬಿಟ್ಟ. ಅದೇ 1522ರ ರೋಮಾ ಮುನ್ನುಡಿಯಲ್ಲಿ ನಂಬಿಕೆ ಜೀವಂತವಾದದ್ದು, ಸುಮ್ಮನಿರಲಾರದ್ದು, ಒಳ್ಳೆಯದನ್ನು ಮಾಡಬೇಕೇ ಎಂದು ಕೇಳುವ ಮೊದಲೇ ಮಾಡಿಬಿಟ್ಟಿರುತ್ತದೆ ಎಂದೂ ಬರೆದಿದ್ದಾನೆ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಲುಥೆರನ್, ರಿಫಾರ್ಮ್ಡ್ ಎರಡೂ ಧಾರೆಯವರಿದ್ದ ಸಂಸ್ಥೆ. ಅದರಿಂದ ಬೆಳೆದ ಸಭೆಗಳಿಗೆ ಈ ಎರಡನೆಯ ಮುನ್ನುಡಿಯ ದನಿ ಹೊಸದಲ್ಲ.

ಮೀನುಬಲೆ

‘ಪೌಲ ದೇವರ ಮುಂದಿನ ನೀತಿಯ ಬಗ್ಗೆ, ಯಾಕೋಬ ಮನುಷ್ಯರ ಮುಂದಿನ ನೀತಿಯ ಬಗ್ಗೆ ಹೇಳುತ್ತಾನೆ’ ಎಂಬ ಸಿದ್ಧ ಉತ್ತರವನ್ನೂ ಯಾರಾದರೂ ಕೊಡುತ್ತಾರೆ. ಒಪ್ಪಿಕೊಳ್ಳಬೇಡಿ. ಮೊರೀಯ ಬೆಟ್ಟದ ಮೇಲೆ ನೋಡುವ ಮನುಷ್ಯರು ಯಾರಿದ್ದರು? ಆಳುಗಳನ್ನು ಅಬ್ರಹಾಮ ಕೆಳಗೇ ಬಿಟ್ಟುಹೋಗಿದ್ದ (22:5). ‘ಈಗ ತಿಳಿಯಿತು’ ಎಂಬ ಮಾತು ಬಂದದ್ದು ಸ್ವರ್ಗದಿಂದ (22:12). ಯಾಕೋಬ 2:14 ಕೇಳುವುದೂ ಅಂಥ ನಂಬಿಕೆ ರಕ್ಷಿಸಬಲ್ಲದೇ ಎಂದು. ನೆರೆಯವರು ಮೆಚ್ಚುವ ಪ್ರಶ್ನೆ ಅಲ್ಲವೇ ಅಲ್ಲ.

ಬೆರೋಯದ ಓದುಗ

ಸರಿಯಾದ ಮಾತು. ನಾಲ್ಕನೇ ವಾರಕ್ಕೆ ತೀರ್ಪಿನ ವಾಕ್ಯಗಳನ್ನು ಇಡಿ, ಇಲ್ಲಿ ಯಾರಿಗೂ ಸುಲಭದ ದಾರಿಯಿಲ್ಲ. ಮತ್ತಾಯ 25:31-46, 2 ಕೊರಿಂಥ 5:10, ರೋಮಾ 2:6-13. ಶಾಸ್ತ್ರ ಕೇಳಿದವರಲ್ಲ, ಅದರಂತೆ ಮಾಡಿದವರು ನೀತಿವಂತರೆನಿಸಿಕೊಳ್ಳುವರು ಎಂದು 2:13ರಲ್ಲಿ ಹೇಳುವವನು ಯಾಕೋಬನಲ್ಲ, ಪೌಲ. ಅದನ್ನು ಮೂರು ರೀತಿ ಓದುತ್ತಾರೆ. ಅಳತೆಗೋಲು ಅದೇ, ಆದರೆ 3:20ರ ಪ್ರಕಾರ ಆ ಅಳತೆ ಮುಟ್ಟಿದವರಿಲ್ಲ ಎಂಬುದು ಒಂದು. 2:29ರ ಹೃದಯದ ಸುನ್ನತಿಯಾದ, ಆತ್ಮನಿಂದ ನಡೆಯುವ ವಿಶ್ವಾಸಿಗಳ ಮಾತಿದು ಎಂಬುದು ಇನ್ನೊಂದು. ಕೊನೆಯ ತೀರ್ಪು ನಿಜವಾಗಿಯೂ ನಡೆದ ಬದುಕಿಗೆ ತಕ್ಕಂತೆ ಇರುತ್ತದೆ, ಆ ಬದುಕನ್ನು ಕೊಟ್ಟವನೂ ದೇವರೇ ಎಂಬುದು ಮತ್ತೊಂದು. ನನಗೆ ಎರಡನೆಯದು ಮತ್ತು ಮೂರನೆಯದು ಕೂಡಿ ಪೌಲನಿಗೆ ಹತ್ತಿರ ಅನಿಸುತ್ತದೆ, ಫಿಲಿಪ್ಪಿ 2:12-13 ಇರುವುದರಿಂದ. ಆದರೆ ಮೂರನ್ನೂ ಮುಂದಿಡಿ.

ಮತ್ತಾಯ 7:21-23ನ್ನು ಬಿಡಬೇಡಿ. ಅಲ್ಲಿ ತಿರಸ್ಕಾರಕ್ಕೆ ಒಳಗಾದವರು ಪ್ರವಾದನೆ, ದೆವ್ವ ಬಿಡಿಸಿದ್ದು, ಮಹತ್ಕಾರ್ಯ ಎಂದು ಕ್ರಿಯೆಗಳ ಪಟ್ಟಿ ಹಿಡಿದೇ ಬಂದವರು. 25ನೇ ಅಧ್ಯಾಯದಲ್ಲಿ ಬಲಗಡೆ ನಿಂತವರಿಗೆ ಪಟ್ಟಿಯೇ ಗೊತ್ತಿಲ್ಲ, ನಾವು ಯಾವಾಗ ಊಟ ಕೊಟ್ಟೆವು ಎಂದು ಕೇಳುತ್ತಾರೆ. ಎರಡನ್ನೂ ಅಕ್ಕಪಕ್ಕ ಓದಿಸಿ, ಹತ್ತು ನಿಮಿಷ ಯಾರೂ ವಿವರಿಸದೆ ಸುಮ್ಮನಿರಲಿ.

ಸಾಸಿವೆಕಾಳು

ಬರೆದುಕೊಂಡೆ. ಕೊನೆಯದಾಗಿ ಎರಡು ಪ್ರಶ್ನೆ. ಶಿಲುಬೆಯ ಮೇಲಿನ ಕಳ್ಳನಿಗೆ ಯಾವ ಕ್ರಿಯೆ ಇತ್ತು? ಹಾಸಿಗೆ ಹಿಡಿದವರು ಯಾಕೋಬನನ್ನು ಓದಿ, ನನ್ನಿಂದ ಏನೂ ಆಗುತ್ತಿಲ್ಲ, ನನ್ನ ನಂಬಿಕೆ ಸತ್ತದ್ದೇ ಎಂದು ಕೇಳಿದರೆ ಏನು ಹೇಳಬೇಕು?

ದ್ರಾಕ್ಷಿತೋಟ

ಕಳ್ಳನ ಬಗ್ಗೆ ಲೂಕ 23:40-42 ನಿಧಾನವಾಗಿ ಓದಿ. ಕೈಕಾಲಿಗೆ ಮೊಳೆ ಬಿದ್ದವನಿಗೆ ಉಳಿದದ್ದು ನಾಲಿಗೆ ಒಂದೇ. ಅದರಿಂದ ಜೊತೆಯವನನ್ನು ಗದರಿಸಿದ, ತನ್ನ ಶಿಕ್ಷೆ ನ್ಯಾಯವೆಂದು ಒಪ್ಪಿದ, ಯೇಸು ನಿರಪರಾಧಿ ಎಂದು ಎಲ್ಲರೂ ಹಾಸ್ಯ ಮಾಡುತ್ತಿದ್ದಾಗ ಗಟ್ಟಿಯಾಗಿ ಹೇಳಿದ, ನನ್ನನ್ನು ನೆನಸಿಕೋ ಎಂದು ಬೇಡಿದ. ಇದರಲ್ಲಿ ಗಳಿಕೆ ಏನೂ ಇಲ್ಲ, ಆದರೆ ಆ ವಿಶ್ವಾಸ ಸುಮ್ಮನೆಯೂ ಇರಲಿಲ್ಲ.

ಮೀನುಬಲೆ

ಎರಡನೆಯದಕ್ಕೆ 2 ಕೊರಿಂಥ 8:12 ಕೊಡಿ. ಮನಸ್ಸಿದ್ದರೆ ಇರುವುದಕ್ಕೆ ತಕ್ಕಂತೆ ಅಂಗೀಕಾರ, ಇಲ್ಲದ್ದಕ್ಕೆ ತಕ್ಕಂತೆ ಅಲ್ಲ. ಮಾರ್ಕ 14:8ರಲ್ಲಿ ಯೇಸು ತನ್ನ ತಲೆಗೆ ಸುಗಂಧ ತೈಲ ಸುರಿದ ಹೆಂಗಸಿನ ಬಗ್ಗೆ ಹೇಳಿದ್ದು ತನ್ನ ಕೈಲಾದದ್ದನ್ನು ಮಾಡಿದ್ದಾಳೆ ಎಂದಷ್ಟೇ. ಮೇಲಾಗಿ ಯಾಕೋಬ ತಾನೇ ರೋಗಿಗಳ ಬಗ್ಗೆ 5:14ರಲ್ಲಿ ಬರೆದಿದ್ದಾನೆ. ಅಸ್ವಸ್ಥನಾದವನು ಸಭೆಯ ಹಿರಿಯರನ್ನು ಕರೆಸಲಿ ಎನ್ನುತ್ತಾನೆ. ರೋಗಿಯಿಂದ ಅವನು ಕೇಳುವುದು ಅಷ್ಟೇ. ಮನೆಗೆ ಹೋಗಿ, ಎಣ್ಣೆ ಹಚ್ಚಿ, ಪ್ರಾರ್ಥಿಸುವ ಕ್ರಿಯೆ ಹಿರಿಯರ ಪಾಲಿನದು. ಯಾಕೋಬನನ್ನು ಓದಿ ಒಬ್ಬ ರೋಗಿ ಹೆದರಿದ್ದಾನೆ ಎಂದರೆ ಆ ವಾರ ಯಾರು ಅವನ ಮನೆಗೆ ಹೋಗುತ್ತಾರೆ ಎಂಬುದನ್ನು ಗುಂಪಿನಲ್ಲೇ ಗೊತ್ತುಮಾಡಿ, ಹೆಸರು ಮತ್ತು ದಿನ ಬರೆದಿಟ್ಟುಕೊಳ್ಳಿ.